ಗೈಡ್ ಪೋಸ್ಟ್ ತುದಿಗೆ ಲೈಟ್ ಹಾಕಬಹುದಾ?

ನಮಸ್ಕಾರ. ಮಿಷಿಗನ್‌ನಲ್ಲಿ ಹಳೇ ಬೋಟ್ ಟ್ರೇಲರ್ ತಗೊಂಡಿದ್ದೀರಿ, ಬಲಗಡೆ ಲೈಟ್ ಮಿಣುಕುತ್ತದೆ, ಲೈಟುಗಳನ್ನು ಗೈಡ್ ಪೋಸ್ಟ್ (ದೋಣಿ ನೇರವಾಗಿ ಟ್ರೇಲರ್ ಮೇಲೆ ಬರಲೆಂದು ಎರಡೂ ಬದಿ ನಿಲ್ಲಿಸುವ ಕಂಬ) ತುದಿಗೇ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ದೋಣಿ ಇಳಿಸುವಾಗ ಲೈಟ್ ನೀರಲ್ಲಿ ಮುಳುಗುವುದಿಲ್ಲ, ಅದೇ ದೊಡ್ಡ ಲಾಭ. ಆದರೆ ಅಮೆರಿಕದ ನಿಯಮದಂತೆ ಟೇಲ್ ಲೈಟ್ ನೆಲದಿಂದ 72 ಇಂಚಿಗಿಂತ ಮೇಲಿರಬಾರದು. ಮೊದಲೇ ಅಳೆದುಕೊಳ್ಳಿ.

ದೋಣಿ ಟ್ರೇಲರ್ ಮೇಲೆ ಇರುವಾಗಲೇ ಪೋಸ್ಟನ್ನು ಫ್ರೇಮಿಗೆ ಹಿಡಿಸುವ ಯು-ಬೋಲ್ಟ್ (U ಆಕಾರದ ಬೋಲ್ಟ್) ಬಿಗಿ ಮಾಡಿ. ದೋಣಿಗೂ ಪೋಸ್ಟಿಗೂ ನಡುವೆ ಎರಡೂ ಕಡೆ ಎರಡು ಬೆರಳಷ್ಟು ಜಾಗ ಸಾಕು. ಖಾಲಿ ಟ್ರೇಲರಿಗೆ ಅಂದಾಜಿನಲ್ಲಿ ಕೂರಿಸಿ ನಾನೊಮ್ಮೆ ಎಲ್ಲ ಬಿಚ್ಚಬೇಕಾಯಿತು!

ನಾಲ್ಕು ವೈರಿನ ಪ್ಲಗ್ ಅಲ್ವಾ? ಕಂದು ಟೇಲ್ ಲೈಟಿಗೆ, ಹಳದಿ ಎಡಗಡೆಯ ಬ್ರೇಕ್ ಮತ್ತು ತಿರುವಿನ ಲೈಟಿಗೆ, ಹಸಿರು ಬಲಗಡೆಯದ್ದಕ್ಕೆ, ಬಿಳಿ ಗ್ರೌಂಡಿಗೆ (ಕರೆಂಟ್ ವಾಪಸ್ ಹೋಗುವ ದಾರಿ). ಜಾಸ್ತಿ ತೊಂದರೆ ಕೊಡುವುದು ಈ ಬಿಳಿಯದ್ದೇ. ಅದನ್ನು ಟ್ರೇಲರ್ ಫ್ರೇಮಿಗೆ ಒಂದು ಸ್ಕ್ರೂ ಹೊಡೆದು ಬಿಟ್ಟಿರುತ್ತಾರೆ. ಅದಕ್ಕೆ ತುಕ್ಕು ಹಿಡಿದರೆ ಲೈಟು ಮಿಣಮಿಣ. ನಿಮ್ಮ ಬಲಗಡೆ ಲೈಟಿನ ಕಥೆಯೂ ಬಹುಶಃ ಇದೇ. ಪ್ರತಿ ಲೈಟಿನಿಂದಲೂ ಬಿಳಿ ವೈರನ್ನು ಟ್ರೇಲರ್ ಮುಂಭಾಗದ ಪ್ಲಗ್‌ವರೆಗೂ ಎಳೆಯಿರಿ. ಜಾಯಿಂಟಿಗೆ ಸುಮ್ನೆ ಟೇಪ್ ಸುತ್ತಬೇಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ.

ಪಕ್ಕದ ಮಾರ್ಕರ್ ಲೈಟುಗಳು ಕೆಳಗೇ ಇರಲಿ. ಅವು ಎಲ್‌ಇಡಿ ಅಲ್ಲದಿದ್ದರೆ ನೀರಿಗೆ ಇಳಿಸುವ ಮೊದಲು ಪ್ಲಗ್ ಕೀಳಿ. ಬಿಸಿ ಬಲ್ಬಿಗೆ ತಣ್ಣೀರು ತಾಗಿದರೆ ಟಪ್ ಅಂತ ಒಡೆಯುತ್ತದೆ.