ಸಫ್ (ನಮಾಜ್‌ನ ಸಾಲು) ಕಟ್ಟುವ ಹೊತ್ತಿಗೆ ಎಲ್ಲಿ ನಿಲ್ಲುವುದು?

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ. ಬರೆಯಲು ಇಲ್ಲಿ ಹೇಳಿರುವ ಯುವಕನ ಒಪ್ಪಿಗೆ ಪಡೆಯಲಾಗಿದೆ.)

ಒಂಟಿತನ, ನಿದ್ರೆಗೇಡು ಎಂದು ಆಪ್ತಸಲಹೆಗೆ ಬರುವ ಮುಸ್ಲಿಂ ಯುವಜನರ ಮಾತು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುವುದುಂಟು. ನಮಾಜ್ ತಪ್ಪಿದೆ, ರೋಜಾ (ಉಪವಾಸ) ಅರ್ಧಕ್ಕೆ ನಿಂತಿದೆ, ಆದ್ದರಿಂದ ಇಫ್ತಾರ್ ಕೂಟಕ್ಕೂ ಇಲ್ಲ, ಈದ್ ಮಿಲನಕ್ಕೂ ಇಲ್ಲ, ನೆಂಟರ ನಿಕಾಹ್‌ಗೂ ಇಲ್ಲ. ಆ ‘ಆದ್ದರಿಂದ’ ನಿಜವಾಗಿ ಎಷ್ಟು ಗಟ್ಟಿ ಎಂದು ಮನೆಯವರೂ ಕೇಳಿರುವುದಿಲ್ಲ, ಮಕ್ಕಳೂ ಕೇಳಿಕೊಂಡಿರುವುದಿಲ್ಲ.

ಈ ಯುವಕನಿಗೆ 23 ವರ್ಷ. ಕೆಲಸವಿದೆ, ದುಶ್ಚಟಗಳಿಲ್ಲ. ಎರಡು ರಮಝಾನ್‌ಗಳಿಂದ ಸಮುದಾಯದ ಯಾವ ಕೂಟಕ್ಕೂ ಕಾಲಿಟ್ಟಿಲ್ಲ. ಮಗ ದೀನ್ (ಧರ್ಮ) ಬಿಟ್ಟನೆಂದು ತಾಯಿಯ ಅಳಲು. ಆತನ ಉತ್ತರ ಇನ್ನೂ ಕಠಿಣ: “ನಮಾಜ್ ಮಾಡದವನು ಹೋಗಿ ಅವರ ಜೊತೆ ಕೂತು ಊಟ ಮಾಡಿದರೆ ಮುನಾಫಿಕ್ (ಕಪಟಿ) ಆದಂತಲ್ಲವೇ?” ನಂಬಿಕೆಯ ಬಗ್ಗೆ ಆತನಿಗೆ ಪ್ರಶ್ನೆಗಳಿದ್ದವು. ಅವುಗಳಿಗೆ ಉತ್ತರ ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ, ಹೇಳಲಿಲ್ಲ.

ತಿರುವು ಸಿಕ್ಕಿದ್ದು ಒಂದು ಸಾದಾ ಅಭ್ಯಾಸದಲ್ಲಿ. ಕೊನೆಯ ಬಾರಿ ಹೋದ ಇಫ್ತಾರ್ ಅನ್ನು ಹಂತ ಹಂತವಾಗಿ ಬರೆದು, ಪ್ರತಿ ಹಂತಕ್ಕೂ ಸೊನ್ನೆಯಿಂದ ಹತ್ತರವರೆಗೆ ಸಂಕಟದ ಅಂಕ ಕೊಡುವುದು. ಬಾಗಿಲು ದಾಟಿದಾಗ 4. ಅಝಾನ್‌ಗೆ ಕಾಯುತ್ತ ಕೂತಾಗ 3. ದುಆ (ಪ್ರಾರ್ಥನೆ) ಮುಗಿಸಿ ಖರ್ಜೂರ ಬಾಯಿಗಿಟ್ಟಾಗ 1. ಎಲ್ಲರೂ ಸಂಜೆಯ ಮಗ್ರಿಬ್ ನಮಾಜ್‌ಗೆ ಎದ್ದಾಗ 9. ಊಟಕ್ಕೆ ಮರಳಿ ಕೂತಾಗ 5. ಹಾಳೆಯನ್ನು ಬಹಳ ಹೊತ್ತು ನೋಡಿದ ಆತ ಹೇಳಿದ: “ಮೇಡಂ, ನನಗೆ ಇಫ್ತಾರ್ ಬೇಡವಾಗಿಲ್ಲ. ಎಲ್ಲರೂ ಎದ್ದು ಸಫ್ ಕಟ್ಟುವಾಗ ನಾನು ಎಲ್ಲಿ ನಿಲ್ಲಲಿ? ಅದೊಂದು ಹೇಳಿ.”

ಎರಡು ವರ್ಷದ ದೂರಕ್ಕೆ ಕಾರಣ ಹತ್ತು ಹದಿನೈದು ನಿಮಿಷ. ಉಪವಾಸ ಬಿಡುವ ಹೊತ್ತೂ ಮಗ್ರಿಬ್‌ನ ಹೊತ್ತೂ ಒಂದೇ, ಸೂರ್ಯಾಸ್ತ. ಮೂರು ರಕಅತ್ (ನಮಾಜ್‌ನ ಸುತ್ತು) ಫರ್ಝ್ (ಕಡ್ಡಾಯ), ಅದರ ಬೆನ್ನಿಗೆ ಎರಡು ಸುನ್ನತ್ (ಪ್ರವಾದಿಯ ರೂಢಿಯಂತೆ ಮಾಡುವುದು). ಬೇರೆ ಹೊತ್ತಿನ ನಮಾಜ್‌ಗೆ ಬಾರದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಮಾತ್ರ ಜೊತೆಯಲ್ಲಿ ಕೂತವರೆಲ್ಲ ಎದ್ದು ಹೋಗುತ್ತಾರೆ, ಎದ್ದೇಳದವನು ಖಾಲಿ ಹಾಲ್‌ನಲ್ಲಿ ಎದ್ದು ಕಾಣುತ್ತಾನೆ. ಹೆಣ್ಣುಮಕ್ಕಳಿಗೆ ಒಂದು ಮರೆ ಇದೆ: ಮುಟ್ಟಿನ ದಿನಗಳಲ್ಲಿ ನಮಾಜ್, ರೋಜಾ ಎರಡೂ ಇಲ್ಲ, ಹಾಗಾಗಿ ಕೂತವಳನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಗಂಡುಮಕ್ಕಳಿಗೆ ಆ ಮರೆ ಇಲ್ಲ. ಕೆಲವರು ಶೌಚಾಲಯಕ್ಕೆ ಹೋಗುತ್ತಾರೆ, ಕೆಲವರು ಫೋನ್ ಹಿಡಿದು ಹೊರಗೆ ನಡೆಯುತ್ತಾರೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಮುಂದಿನ ಬಾರಿ ಹೆದರಿಕೆ ದುಪ್ಪಟ್ಟಾಗುತ್ತದೆ. ವುಜೂ (ನಮಾಜ್‌ಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಇಲ್ಲದೆ ಸಫ್‌ನಲ್ಲಿ ನಿಂತುಬಿಡುವುದು ಇನ್ನೂ ಕೆಟ್ಟದ್ದು: ತಾನು ಕಪಟಿ ಎಂಬ ಆರೋಪಕ್ಕೆ ತಾನೇ ಸಾಕ್ಷಿ ಒದಗಿಸಿದಂತೆ.

ಕೊಟ್ಟ ಸಲಹೆ: ಕೂಟದಲ್ಲಿ ಒಂದು ಕೆಲಸ ಹಿಡಿದು ಹೋಗಿ. ಮಗ್ರಿಬ್ ಹೊತ್ತಿಗೆ ಊಟದ ಹಾಲ್ ತಾನು ನೋಡಿಕೊಳ್ಳುತ್ತೇನೆಂದು ಆಯೋಜಕರಿಗೆ ಹಿಂದಿನ ದಿನವೇ ತಿಳಿಸಬೇಕು. ಎಂಜಲು ತಟ್ಟೆ ಎತ್ತುವುದು, ದಸ್ತರ್‌ಖಾನ್ (ಊಟಕ್ಕೆ ಹಾಸುವ ಬಟ್ಟೆ) ಒರೆಸಿ ಹಾಸುವುದು, ನೀರು ತುಂಬಿಡುವುದು, ಸಫ್ ಮುಂದೆ ಓಡುವ ಚಿಕ್ಕ ಮಕ್ಕಳನ್ನು ಹಿಡಿದಿಡುವುದು. ಈ ಹೊತ್ತಿಗೆ ಕೈ ಸಾಲದೆ ಒದ್ದಾಡುವವರೇ ಎಲ್ಲ ಕಡೆ. ಅಝಾನ್‌ಗೆ ಅರ್ಧ ಗಂಟೆ ಮುಂಚೆ ತಲುಪಬೇಕು, ತಡವಾದರೆ ಕೆಲಸ ಬೇರೆಯವರ ಪಾಲಾಗಿ ಅತಿಥಿಯಾಗಿ ಕೂರಬೇಕಾಗುತ್ತದೆ. ಮೊದಲ ಸಲಕ್ಕೆ ಇಪ್ಪತ್ತು ಮೂವತ್ತು ಜನರ ಕೂಟ ಸಾಕು. ಹೊರಡುವ ಸಮಯವನ್ನು ಮನೆಯಲ್ಲೇ ನಿರ್ಧರಿಸಿಕೊಂಡಿರಬೇಕು. ಯಾರಾದರೂ ನಮಾಜ್ ಬಗ್ಗೆ ಕೆದಕಿದರೆ ಒಂದೇ ವಾಕ್ಯ, ಅದನ್ನೂ ಆತನೇ ಆರಿಸಿಕೊಂಡ: “ದುಆ ಮಾಡಿ ಚಾಚಾ.” ಸುಳ್ಳಲ್ಲ, ಜಗಳವಲ್ಲ, ಮಾತೂ ಮುಂದುವರಿಯುವುದಿಲ್ಲ. ರಾತ್ರಿ ಮತ್ತೆ ಅಂಕ ಬರೆದು ಹಾಳೆ ಮಡಚಿಡಬೇಕು. ಯಾರು ಏನಂದುಕೊಂಡರೋ ಎಂದು ಮೆಲುಕು ಹಾಕುತ್ತ ಕೂರಬಾರದು.

ಮೊದಲ ಕೂಟದಲ್ಲಿ ಆ 9 ಅಂಕ 4ಕ್ಕೆ ಇಳಿಯಿತು. ಎರಡನೆಯದರಲ್ಲಿ ಕೆಟ್ಟಿತು: ಯಾರೋ ಉತ್ಸಾಹಿ ಮೈಕ್ ಹಿಡಿದು, ದೀನ್‌ಗೆ ಮರಳಿದ ತರುಣ ಎಂದು ಹೊಗಳಿದರು. ಮುಂದಿನ ವಾರ ಆತ ಹೋಗಲಿಲ್ಲ. ಆಯೋಜಕರು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಬಂದವನನ್ನು ಮರಳಿದವನೆಂದು ಘೋಷಿಸಬೇಡಿ. ಪಾಳಿ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳಿ, ಅಷ್ಟು ಮರ್ಯಾದೆ ಸಾಕು.

ನಮಾಜ್ ಬಿಟ್ಟವರಿಗೆ ಇದು ನೆಪ ಒದಗಿಸಿದಂತೆ ಎಂಬ ಆಕ್ಷೇಪ ಬರುತ್ತದೆ. ನಮಾಜ್ ಬೇಡವೆಂದು ಇಲ್ಲಿ ಯಾರೂ ಹೇಳಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಗಲೂ ಆತ ಮಾಡುತ್ತಿರಲಿಲ್ಲ. ಪ್ರವಾದಿಯವರ ಕಾಲದ ಉಮ್ಮು ಅತಿಯ್ಯಾ ಅವರಿಂದ ಬಂದ ಹದೀಸ್ (ಪ್ರವಾದಿ ವಚನ) ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ: ಈದ್ ದಿನ ಮುಟ್ಟಾದ ಹೆಣ್ಣುಮಕ್ಕಳನ್ನೂ ಹೊರಗೆ ಕರೆತರಬೇಕು, ಅವರು ನಮಾಜ್‌ನಿಂದ ದೂರವಿದ್ದು ಒಳಿತಿನಲ್ಲೂ ದುಆದಲ್ಲೂ ಪಾಲ್ಗೊಳ್ಳಲಿ ಎಂದು. ಅವರದು ಧರ್ಮವೇ ಕೊಟ್ಟ ರಿಯಾಯಿತಿ, ಈತನದು ಬೇರೆ, ಇದು ಫತ್ವಾ ಅಲ್ಲ. ಆದರೆ ನಮಾಜ್‌ಗೆ ನಿಲ್ಲದವರಿಗೂ ಆ ನೆರವಿಯಲ್ಲಿ ಜಾಗವಿತ್ತು ಎಂಬುದಂತೂ ಸ್ಪಷ್ಟ.

ನಂಬಿಕೆ ಅಲ್ಲಾಡುತ್ತಿರುವವನನ್ನು ಮತ್ತೆ ಅಲ್ಲಿಗೇ ಏಕೆ ತಳ್ಳುತ್ತೀರಿ ಎನ್ನುವವರೂ ಇದ್ದಾರೆ. ಕಾರಣ ಲೌಕಿಕವಾದದ್ದು. ನಾಳೆ ಮನೆಯಲ್ಲಿ ಸಾವಾದರೆ ಗುಸುಲ್‌ಗೆ (ಶವಸ್ನಾನ), ಕಫನ್‌ಗೆ (ಶವಕ್ಕೆ ಹೊದಿಸುವ ಬಟ್ಟೆ), ಖಬರ್ ತೋಡುವುದಕ್ಕೆ ಬರುವವರು ಈ ತಟ್ಟೆ ಎತ್ತುವ ಕೈಗಳೇ. ಜನಾಝ (ಅಂತ್ಯಕ್ರಿಯೆ) ಫರ್ಝ್ ಕಿಫಾಯ, ಇಡೀ ಸಮುದಾಯದ ಹೊಣೆ, ಕರೆಯದಿದ್ದರೂ ಬರುತ್ತಾರೆ ನಿಜ. ಬಂದವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲದೆ ನಿಲ್ಲುವ ಮಗನ ಪಾಡೇ ಬೇರೆ. ಆ ಪರಿಚಯ ಅವತ್ತೇ ಹುಟ್ಟುವುದಿಲ್ಲ.

ಮನೆಯಲ್ಲಿ ಬೆದರಿಕೆ, ಹೊಡೆತ, ಒತ್ತಾಯದ ಮದುವೆಯ ಮಾತು ಇದ್ದರೆ ಈ ಸಲಹೆ ಸಲ್ಲದು. ಅಲ್ಲಿ ಮೊದಲು ನೋಡಬೇಕಾದದ್ದು ಸುರಕ್ಷತೆ. ಯೋಚಿಸಿ, ನೆಮ್ಮದಿಯಿಂದ ದೂರ ಸರಿದು ಬೇರೆ ಬಳಗ ಕಟ್ಟಿಕೊಂಡವರಿಗೂ ಇದರ ಅಗತ್ಯವಿಲ್ಲ.

ತಾಯಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಲಾಯಿತು. ಮಗ ಕೂಟದಿಂದ ಬಂದ ರಾತ್ರಿ “ಯಾರ್ಯಾರು ಬಂದಿದ್ದರು, ಏನು ಮಾಡಿದೆ?” ಎಂದಷ್ಟೇ ಕೇಳಿ. “ನಮಾಜ್‌ಗೆ ನಿಂತೆಯಾ?” ಎಂಬ ಪ್ರಶ್ನೆ ಈ ರಮಝಾನ್ ಮುಗಿಯುವವರೆಗೆ ಬೇಡ. ಒಪ್ಪಿದರು; ಈದ್‌ವರೆಗೆ ಮಾತ್ರ ಎಂದರು.