ಏವನ್ ರಿಂಗ್ ಬಿಡಿ, ಸ್ಟ್ರಾಟ್‌ಫರ್ಡ್ ಬಿಡಬೇಡಿ

ಶನಿವಾರದಿಂದ ಒಂದು ವಾರಕ್ಕೆ ಇಂಗ್ಲೆಂಡಿನ ಆಲ್ವ್‌ಚರ್ಚ್‌ನಲ್ಲಿ ನ್ಯಾರೋಬೋಟ್ (ಕಾಲುವೆಗಳಲ್ಲಿ ಓಡುವ, ಒಳಗೇ ಉಳಿಯಬಹುದಾದ ಉದ್ದನೆಯ ಕಿರಿದಾದ ದೋಣಿ) ಬಾಡಿಗೆಗೆ ಹಿಡಿದಿದ್ದೀರಿ. ಊರಿಂದ ಬಂದ ಅಪ್ಪ-ಅಮ್ಮನೂ ಜೊತೆಗಿದ್ದಾರೆ. ಕಾಲುವೆಗಳ ಜೊತೆ ಸೆವರ್ನ್, ಏವನ್ ನದಿಗಳನ್ನೂ ಸೇರಿಸಿ ಒಂದು ಸುತ್ತು ಬರುವ ಏವನ್ ರಿಂಗ್ ಸುತ್ತಬೇಕು ಅಂತಿದ್ದಿರಿ, ಈಗ ಮಳೆ ಜಾಸ್ತಿಯಾಗಿ ನದಿಗೆ ಇಳಿಯಬೇಡಿ ಅಂತ ಬೋಟ್ ಬಾಡಿಗೆಗೆ ಕೊಟ್ಟವರು ಹೇಳಿದ್ದಾರೆ. ಅಮ್ಮನಿಗೆ ಶೇಕ್ಸ್‌ಪಿಯರ್ ಊರು ಸ್ಟ್ರಾಟ್‌ಫರ್ಡ್ ನೋಡಲೇಬೇಕು. ಮಳೆ ನಿಲ್ಲುತ್ತೆ ಅಂತ ಕಾಯಬೇಕಾ, ಪ್ಲ್ಯಾನ್ ಬದಲಿಸಬೇಕಾ ಅಂತ ಕೇಳಿದ್ದೀರಿ.

ಬದಲಿಸಿ, ಇವತ್ತೇ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿರುವವನು, ಈ ಕಾಲುವೆಗಳಲ್ಲಿ ಓಡಾಡಿದ್ದೇನೆ. ನಿಜ ಹೇಳಬೇಕೆಂದರೆ ಬಿಸಿಲಿದ್ದರೂ ನಿಮಗೆ ರಿಂಗ್ ಬೇಡ ಅಂತಲೇ ಹೇಳುತ್ತಿದ್ದೆ. ಸುಮಾರು 110 ಮೈಲಿ, 130ರ ಆಸುಪಾಸು ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ಬೋಟನ್ನು ಹತ್ತಿಸುವ, ಇಳಿಸುವ ಗೇಟಿನ ತೊಟ್ಟಿ). ಗಂಟೆಗೆ 3 ಮೈಲಿ, ಲಾಕ್‌ಗೆ ಹತ್ತು-ಹದಿನೈದು ನಿಮಿಷ ಅಂತ ಲೆಕ್ಕ ಹಾಕಿ. 60 ಗಂಟೆ ದಾಟುತ್ತದೆ. ವಯಸ್ಸಾದವರನ್ನು ಕೂರಿಸಿಕೊಂಡು ದಿನಾ ಒಂಬತ್ತು ಗಂಟೆ ಓಡಿಸೋದು ರಜಾ ಅಲ್ಲ, ಡ್ಯೂಟಿ.

ಇನ್ನು ನದಿ. ನ್ಯಾರೋಬೋಟ್‌ಗೆ ತಳ ಚಪ್ಪಟೆ, ಎಂಜಿನ್ ಚಿಕ್ಕದು. ತುಂಬಿದ ಹೊಳೆಯಲ್ಲಿ ಕೆಳಮುಖವಾಗಿ ಹೊರಟರೆ ನಿಲ್ಲಿಸೋದೇ ಕಷ್ಟ. ಲಾಕ್ ಪಕ್ಕದಲ್ಲೇ ನೀರು ಧುಮುಕುವ ಒಡ್ಡು ಇರುತ್ತದೆ, ಸೆಳವು ಎಳೆಯೋದು ಆ ಕಡೆಗೇ. ಸೆವರ್ನ್‌ನಲ್ಲಿ ವೂಸ್ಟರ್‌ನಿಂದ ಟ್ಯೂಕ್ಸ್‌ಬರಿ ತನಕ ಬೋಟ್ ಕಟ್ಟುವ ಜಾಗಗಳೂ ಕಡಿಮೆ. ನದಿಗೆ ಹೋಗುವ ದಾರಿಯಲ್ಲಿರುವ ಟಾರ್ಡೆಬಿಗ್‌ನ 30 ಲಾಕ್ ಇಳಿದು, ಮುಂದೆ ಹೋಗಲಾಗದೆ ಸಿಕ್ಕಿಕೊಂಡರೆ ಅಷ್ಟೂ ಲಾಕ್ ಮತ್ತೆ ಹತ್ತಬೇಕು.

ಕಾಲುವೆಗೆ ಈ ತೊಂದರೆ ಕಡಿಮೆ. ಹೆಚ್ಚಾದ ನೀರು ಕೋಡಿಯಿಂದ ಆಚೆ ಹೋಗುತ್ತದೆ. ಮತ್ತೆ ಸ್ಟ್ರಾಟ್‌ಫರ್ಡ್‌ಗೆ ಕಾಲುವೆಯಲ್ಲೇ ಹೋಗಬಹುದಲ್ವಾ!

ಆಲ್ವ್‌ಚರ್ಚ್‌ನಿಂದ ಉತ್ತರಕ್ಕೆ ಹೊರಡಿ. ವಾಸ್ಟ್ ಹಿಲ್ಸ್ ಸುರಂಗ ಸಿಗುತ್ತದೆ, ಎರಡೂವರೆ ಕಿಲೋಮೀಟರ್. ಒಳಗೆ ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಬೋಟ್ ನಡೆಸುವವರು ರೈನ್‌ಕೋಟ್ ಹಾಕಿಕೊಳ್ಳಲಿ. ಎದುರಿಗೆ ದೀಪ ಕಂಡರೆ ಗಾಬರಿಯಾಗಬೇಡಿ, ಎರಡು ಬೋಟ್ ಹಿಡಿಸುವಷ್ಟು ಅಗಲವಿದೆ. ಕಿಂಗ್ಸ್ ನಾರ್ಟನ್‌ನಲ್ಲಿ ಬಲಕ್ಕೆ ತಿರುಗಿ. ಅಲ್ಲಿಂದ ಲ್ಯಾಪ್‌ವರ್ತ್ ತನಕ ನೀವು ಹತ್ತಿ ಇಳಿಯಬೇಕಾದ ಲಾಕ್ ಒಂದೂ ಇಲ್ಲ. ಆಮೇಲೆ ಸ್ಟ್ರಾಟ್‌ಫರ್ಡ್‌ಗೆ ಮುಂಚೆ ಸಿಗುವ ಹಳ್ಳಿ ವಿಲ್ಮ್‌ಕೋಟ್‌ವರೆಗೆ ಸುಮಾರು 38 ಲಾಕ್. ನಡುವೆ ಎಡ್‌ಸ್ಟೋನ್‌ನಲ್ಲಿ ಕಾಲುವೆ ರಸ್ತೆ, ರೈಲು ಹಳಿ ಎಲ್ಲದರ ಮೇಲೆ ಕಬ್ಬಿಣದ ತೊಟ್ಟಿಯಲ್ಲಿ ಹೋಗುತ್ತದೆ. 475 ಅಡಿ, ಇಂಗ್ಲೆಂಡಿನಲ್ಲೇ ಉದ್ದದ್ದು. ಅಲ್ಲಿ ಕಾಲುದಾರಿ ತೊಟ್ಟಿಯ ತಳದ ಮಟ್ಟಕ್ಕಿದೆ. ಅಪ್ಪನನ್ನು ಬೋಟಿನಿಂದ ಇಳಿಸಿ ಪಕ್ಕದಲ್ಲಿ ನಡೆಸಿ. ನೀರು ಕಾಲುದಾರಿಗಿಂತ ಎತ್ತರದಲ್ಲಿರುತ್ತದೆ.

ವಿಲ್ಮ್‌ಕೋಟ್‌ನಲ್ಲಿ ಬೋಟ್ ಕಟ್ಟಿಬಿಡಿ. ಮುಂದೆ ಸಾಲಾಗಿ 11 ಲಾಕ್ ಇವೆ, ಸುಮ್ನೆ ಯಾಕೆ? ಕಾಲುವೆ ಪಕ್ಕದಲ್ಲೇ ಸ್ಟೇಷನ್ ಇದೆ, ರೈಲು ಹತ್ತಿದರೆ ಎರಡನೇ ಸ್ಟಾಪ್ ಸ್ಟ್ರಾಟ್‌ಫರ್ಡ್. ಅಮ್ಮನಿಗೆ ಇನ್ನೊಂದು ಹೇಳಿ: ಶೇಕ್ಸ್‌ಪಿಯರ್ ತಾಯಿ ಮೇರಿ ಆರ್ಡನ್ ಈ ವಿಲ್ಮ್‌ಕೋಟ್‌ನವರೇ.

ಆದರೆ ಒಂದು ಗಡುವು ಈಗಲೇ ಹಾಕಿಕೊಳ್ಳಿ. ಸೋಮವಾರ ಸಂಜೆಯೊಳಗೆ ಲ್ಯಾಪ್‌ವರ್ತ್‌ನ ಲಾಕ್‌ಗಳು ಮುಗಿದಿರಬೇಕು. ಇಲ್ಲದಿದ್ದರೆ ವಿಲ್ಮ್‌ಕೋಟ್ ಆಸೆ ಬಿಟ್ಟು ವಾಪಸ್ ಬಂದು ಬರ್ಮಿಂಗ್‌ಹ್ಯಾಮ್‌ಗೆ ಹೋಗಿ. ಗ್ಯಾಸ್ ಸ್ಟ್ರೀಟ್ ಬೇಸಿನ್‌ನಲ್ಲಿ ಬೋಟ್ ಕಟ್ಟಿ, ಮೂರ್ ಸ್ಟ್ರೀಟ್ ಸ್ಟೇಷನ್‌ನಿಂದ ಸ್ಟ್ರಾಟ್‌ಫರ್ಡ್‌ಗೆ ನೇರ ರೈಲು ಹಿಡಿಯಿರಿ. ನೆನಪಿರಲಿ, ಬೋಟನ್ನು ಎಲ್ಲೆಂದರಲ್ಲಿ ತಿರುಗಿಸೋಕೆ ಆಗಲ್ಲ. ದಡವನ್ನು ಅಗಲ ಮಾಡಿದ ವಿಂಡಿಂಗ್ ಹೋಲ್‌ಗಳಲ್ಲಿ ಮಾತ್ರ. ನಿಮ್ಮ ಬೋಟ್ ಎಷ್ಟು ಅಡಿ ಅಂತ ಕೇಳಿಕೊಂಡು, ಯಾವುದರಲ್ಲಿ ಹಿಡಿಸುತ್ತೆ ಅಂತ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ.

ದುಡ್ಡು ವಾಪಸ್ ಬರುತ್ತಾ ಅಂತಲೂ ಕೇಳಿದ್ದೀರಿ. ಬೇರೆ ದಾರಿ ಕೊಟ್ಟಿದ್ದರೆ ಸಾಮಾನ್ಯವಾಗಿ ಕೊಡಲ್ಲ, ಕರಾರು ಓದಿ ನೋಡಿ. ಹೊರಡುವ ಮುಂಚೆ ಹೊಸ ದಾರಿಯನ್ನು ಅವರಿಗೆ ತಿಳಿಸಿ. ಈ ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ವೆಬ್‌ಸೈಟಿನಲ್ಲಿ ಯಾವ ಲಾಕ್ ಮುಚ್ಚಿದೆ ಅಂತ ದಿನಾ ಬೆಳಿಗ್ಗೆ ನೋಡಿ. ಕೊನೆಯ ರಾತ್ರಿ ಆಲ್ವ್‌ಚರ್ಚ್ ಹತ್ತಿರವೇ ಇರಿ. ಬೋಟನ್ನು ಬೆಳಿಗ್ಗೆ ಬೇಗ ಕೇಳುತ್ತಾರೆ, ಪಾತ್ರೆ ತೊಳೆದು ಸಾಮಾನು ಇಳಿಸೋಕೂ ಹೊತ್ತು ಬೇಕಲ್ಲ.