ಬೇಸಿಗೆಯಲ್ಲಿ ಪಿಐಆರ್ ಸೆನ್ಸರ್ ಕುಳಿತವರನ್ನು ಗುರುತಿಸದಿದ್ದರೆ ಏನು ಮಾಡಬೇಕು?

ರಾಯಚೂರಿನ ಏಪ್ರಿಲ್ ಮಧ್ಯಾಹ್ನ, ವಿದ್ಯಾರ್ಥಿಗಳು ಕುಳಿತಿರುವಾಗಲೇ, ಪಿಐಆರ್ (ಮೈಶಾಖದ ಚಲನೆ ಗ್ರಹಿಸುವ) ಸೆನ್ಸರ್‌ನಿಂದ ನಡೆಯುವ ತರಗತಿಯ ಫ್ಯಾನ್ ನಿಂತುಹೋಗುತ್ತದೆ ಎಂದಿದ್ದೀರಿ. ಕೋಡ್ ತಿದ್ದುತ್ತಾ ಕೂರಬೇಡಿ. ನಿಮ್ಮ ಪಿಐಆರ್ ಸೆನ್ಸರ್ ಎಚ್‌ಸಿ-ಎಸ್‌ಆರ್501 ಗ್ರಹಿಸುವುದು ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ಅಂತರ ಚಲಿಸುವುದನ್ನು. ಗೋಡೆಯೇ ಚರ್ಮದಷ್ಟು, ಅಂದರೆ 34–35 ಡಿಗ್ರಿಗೆ ಕಾದರೆ ಆ ಅಂತರವೇ ಅಳಿಯುತ್ತದೆ. ಅಲುಗಾಡದೆ ಕುಳಿತರಂತೂ ಮುಗಿಯಿತು.

ಸದ್ಯಕ್ಕೆ ಸೆನ್ಸರ್‌ನ ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಮುಚ್ಚಳ) ಅನ್ನು ‘ಎಚ್’ಗೆ ಹಾಕಿ, ಆಗ ಪ್ರತಿ ಚಲನೆಗೂ ಕಾಲಾವಧಿ ಮೊದಲಿನಿಂದ ಶುರುವಾಗುತ್ತದೆ; ಕಾಲಾವಧಿಯ ತಿರುಪನ್ನು ಗರಿಷ್ಠಕ್ಕೆ, ಸುಮಾರು 5 ನಿಮಿಷಕ್ಕೆ, ತಿರುಗಿಸಿ.

ನನ್ನನ್ನು ಕೇಳಿದರೆ ಎಲ್‌ಡಿ2410 ರಡಾರ್ ಹಾಕಿ. ಅದರ 24 ಗಿಗಾಹರ್ಟ್ಸ್ ಅಲೆ ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಹಿಡಿಯುತ್ತದೆ, ಬಿಸಿಲಿನ ಹಂಗಿಲ್ಲ. ವ್ಯಾಪ್ತಿ ಸುಮಾರು 5 ಮೀಟರ್. ದೊಡ್ಡ ತರಗತಿಗೆ ಎರಡು ಬೇಕು. ಸೀರಿಯಲ್ (ದತ್ತಾಂಶ ಕಳಿಸುವ) ಸಂಪರ್ಕದ ಗೋಜು ಬೇಡ, ಯಾರಾದರೂ ಇದ್ದಾರೆಯೇ ಎಂದಷ್ಟೇ ತಿಳಿಸುವ ‘ಔಟ್’ ಪಿನ್ ಸಾಕು. ತಿರುಗುವ ಫ್ಯಾನನ್ನೂ ಅದು ಮನುಷ್ಯನೆಂದು ನಂಬಬಹುದು. ಹಾಗಾಗಿ ರಡಾರ್‌ನ ಮುಖವನ್ನು ಬೆಂಚುಗಳತ್ತ ಇರಿಸಿ.